ತಿಮ್ಮಯ್ಯ ರಾಜೀನಾಮೆ ಪ್ರಕರಣ: 1959ರಲ್ಲಿ ಲೋಕಸಭೆ ಕೇಳದೆ ಬಿಟ್ಟಿದ್ದು

1959ರ ಸೆಪ್ಟೆಂಬರ್ 2ರಂದು ಪ್ರಧಾನಿ ಜವಾಹರಲಾಲ್ ನೆಹರೂ ಲೋಕಸಭೆಯಲ್ಲಿ ಒಂದು ಹೇಳಿಕೆ ಕೊಟ್ಟರು. ಭೂಸೇನೆಯ ಮುಖ್ಯಸ್ಥ ಜನರಲ್ ಕೆ.ಎಸ್. ತಿಮ್ಮಯ್ಯ ಅದಕ್ಕೆ ಎರಡು ದಿನ ಮೊದಲು, ಆಗಸ್ಟ್ 31ರಂದು, ರಾಜೀನಾಮೆ ಕೊಟ್ಟಿದ್ದರು. ಅಂದು ಸಂಜೆಯೇ ನೆಹರೂ ಕರೆಸಿ ಮಾತಾಡಿ, ಅದನ್ನು ವಾಪಸು ಪಡೆಯುವಂತೆ ಒಪ್ಪಿಸಿದ್ದರು. ವಿಷಯ ಅಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ಮರುದಿನ ಬೆಳಗ್ಗೆ ಸ್ಟೇಟ್ಸ್‌ಮನ್ ಪತ್ರಿಕೆಯಲ್ಲಿ ಸುದ್ದಿ ಬಂದುಬಿಟ್ಟಿತು. ಸ್ವತಂತ್ರ ಭಾರತದಲ್ಲಿ ಸೇನಾ ಮುಖ್ಯಸ್ಥರೊಬ್ಬರು ರಕ್ಷಣಾ ಸಚಿವರ ಕೈಕೆಳಗೆ ಕೆಲಸ ಮಾಡಲಾರೆ ಎಂದದ್ದು ಅದೇ ಮೊದಲು. ವಿ.ಕೆ. ಕೃಷ್ಣ ಮೆನನ್ ಆಗ ರಕ್ಷಣಾ ಸಚಿವರು. ಸದಸ್ಯರು ಸರ್ಕಾರದಿಂದ ಉತ್ತರ ಬೇಕೆಂದು ಪಟ್ಟು ಹಿಡಿದರು.

ನೆಹರೂ ಹೇಳಿದ್ದರ ಸಾರ ಇಷ್ಟು: ಜನರಲ್‌ಗೂ ಸಚಿವರಿಗೂ ಇರುವುದು ಮನೋಧರ್ಮದ ವ್ಯತ್ಯಾಸ, ಎತ್ತಿದ ವಿಷಯಗಳು ಕ್ಷುಲ್ಲಕ, ಬಡ್ತಿಗಳ ವಿಚಾರದಲ್ಲಿ ಆಕ್ಷೇಪಿಸುವಂಥದ್ದು ನಡೆದಿಲ್ಲ, ಮೆನನ್ ಉತ್ಸಾಹದಿಂದ ಕೆಲಸ ಮಾಡುತ್ತಿದ್ದಾರೆ, ನಮ್ಮ ಸಂವಿಧಾನದ ಪ್ರಕಾರ ನಾಗರಿಕ ಅಧಿಕಾರವೇ ಪರಮೋಚ್ಚ, ಅದು ಹಾಗೇ ಇರಬೇಕು, ಆದರೆ ತಜ್ಞರ ಸಲಹೆಗೆ ಆ ಅಧಿಕಾರ ಕಿವಿಗೊಡಬೇಕು. ಜನರಲ್ ನಡೆದುಕೊಂಡ ರೀತಿಗೆ ತಮ್ಮ ಒಪ್ಪಿಗೆ ಇಲ್ಲ ಎಂಬುದನ್ನೂ ಅವರು ಬಚ್ಚಿಡಲಿಲ್ಲ. ಸದನ ಕೇಳಿಸಿಕೊಂಡಿತು, ಒಂದಷ್ಟು ಗದ್ದಲವಾಯಿತು, ಬೇರೆ ಕಲಾಪಕ್ಕೆ ಹೋಯಿತು.

ಈ ಪ್ರಸಂಗವನ್ನು ಕನ್ನಡದಲ್ಲಿ, ಅದರಲ್ಲೂ ಕೊಡಗಿನಲ್ಲಿ, ಸಾಮಾನ್ಯವಾಗಿ ತಿಮ್ಮಯ್ಯನವರಿಗೆ ಆದ ಅವಮಾನದ ಕಥೆಯಾಗಿ ಹೇಳುತ್ತಾರೆ. ಅವಮಾನ ಆದದ್ದು ನಿಜ. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಆ ದಿನ ಸಂಸತ್ತಿಗೆ ಆದ ನಷ್ಟ. ನಾಗರಿಕ ಅಧಿಕಾರ ದೊಡ್ಡದು ಎಂಬ ತತ್ವವನ್ನು ಎಲ್ಲರೂ ಒಪ್ಪಿದರು, ಒಪ್ಪಲೇಬೇಕಿತ್ತು. ಆ ತತ್ವ ಸಚಿವರನ್ನು ಸೇನೆಗಿಂತ ಮೇಲಿಡುತ್ತದೆ, ನಿಜ. ಅದೇ ಸಚಿವರನ್ನು ಸದನಕ್ಕೆ ಉತ್ತರ ಹೇಳುವವರನ್ನಾಗಿಯೂ ಮಾಡುತ್ತದೆ. ಸಂವಿಧಾನದ 75(3)ನೇ ವಿಧಿ ಮಂತ್ರಿಮಂಡಲವನ್ನು ಸಾಮೂಹಿಕವಾಗಿ ಲೋಕಸಭೆಗೆ ಹೊಣೆಗಾರನನ್ನಾಗಿ ಮಾಡಿರುವುದು ಅದಕ್ಕೇ. ಅಂದು ಸದನ ತತ್ವದ ಮೊದಲರ್ಧವನ್ನು ಕೇಳಿ ಸುಮ್ಮನಾಯಿತು.

ಆ ವಾರದಲ್ಲಿ ಏನೇನಾಗಿತ್ತು

ಆಗಸ್ಟ್ 25ರಂದು ಈಗಿನ ಅರುಣಾಚಲದ, ಆಗ ನೇಫಾ ಎಂದು ಕರೆಯುತ್ತಿದ್ದ ಪ್ರದೇಶದ ಲೊಂಗ್ಜು ಎಂಬಲ್ಲಿ ಚೀನಾದ ಪಡೆ ನಮ್ಮ ಅಸ್ಸಾಂ ರೈಫಲ್ಸ್ ಠಾಣೆಯ ಮೇಲೆ ಗುಂಡು ಹಾರಿಸಿತ್ತು. ಆಗಸ್ಟ್ 28ರಂದು ನೆಹರೂ ಲೋಕಸಭೆಗೆ ಅದನ್ನು ತಿಳಿಸಿದರು. ಲಡಾಖಿನ ಅಕ್ಸಾಯ್ ಚಿನ್‌ನಲ್ಲಿ ಚೀನಾ ರಸ್ತೆ ಹಾಕಿರುವುದನ್ನೂ ಆಗಲೇ ಒಪ್ಪಿಕೊಂಡರು. ಆ ರಸ್ತೆ 1957ರಲ್ಲೇ ಮುಗಿದಿತ್ತು. 1958ರ ಅಕ್ಟೋಬರ್‌ನಲ್ಲಿ ನಮ್ಮ ಸರ್ಕಾರ ಬೀಜಿಂಗ್‌ಗೆ ಪ್ರತಿಭಟನೆಯ ಪತ್ರವನ್ನೂ ಕಳಿಸಿತ್ತು. ಅಂದರೆ ಸುಮಾರು ಹತ್ತು ತಿಂಗಳು ಸರ್ಕಾರಕ್ಕೆ ಗೊತ್ತಿದ್ದ ಸಂಗತಿ ಸಂಸತ್ತಿಗೆ ಗೊತ್ತಿರಲಿಲ್ಲ.

ಇಂಥ ವಾರದಲ್ಲಿ ಸೇನಾ ಮುಖ್ಯಸ್ಥರ ರಾಜೀನಾಮೆ ಬಂತು. ಕಾರಣ ಕ್ಷುಲ್ಲಕವೇ? ರಾಜೀನಾಮೆ ಪತ್ರ ದಶಕಗಳ ನಂತರ ನೆಹರೂ ಅವರ ದಾಖಲೆಗಳೊಂದಿಗೆ ಬೆಳಕಿಗೆ ಬಂದಿದೆ. ಅದರಲ್ಲಿ ಇರುವುದು ಸಣ್ಣಪುಟ್ಟ ದೂರುಗಳ ಪಟ್ಟಿಯಲ್ಲ. ಈಗಿನ ರಕ್ಷಣಾ ಸಚಿವರ ಕೈಕೆಳಗೆ ಹೊಣೆ ನಿರ್ವಹಿಸುವುದು ನನಗೂ ಉಳಿದಿಬ್ಬರು ಮುಖ್ಯಸ್ಥರಿಗೂ ಅಸಾಧ್ಯವಾಗಿದೆ ಎಂದು ನಾವು ನಿಮಗೆ ಮೊದಲೇ ತಿಳಿಸಿದ್ದೆವು, ನಿಮ್ಮ ಸಲಹೆ ಕೇಳಿದ್ದೆವು. ನೀವು ಆ ಮಾತನ್ನು ಸಚಿವರಿಗೇ ಹೇಳಿದಿರಿ. ಇನ್ನು ನಾನು ಈ ಹುದ್ದೆಯಲ್ಲಿ ಮುಂದುವರಿಯುವಂತಿಲ್ಲ ಎಂಬುದು ಅದರ ಅರ್ಥ. ಉಳಿದಿಬ್ಬರು ಎಂದರೆ ನೌಕಾಪಡೆಯ ಆರ್.ಡಿ. ಕಟಾರಿ, ವಾಯುಪಡೆಯ ಸುಬ್ರತೋ ಮುಖರ್ಜಿ. ಮೂರೂ ಪಡೆಗಳ ಮುಖ್ಯಸ್ಥರು ಒಟ್ಟಿಗೆ ಪ್ರಧಾನಿಯ ಬಳಿ ದೂರು ತಂದಿದ್ದಾರೆ ಎಂಬ ಸಂಗತಿಗೂ ಒಬ್ಬ ಜನರಲ್‌ಗೆ ಸಚಿವರ ಜೊತೆ ಹೊಂದಿಕೆಯಾಗುತ್ತಿಲ್ಲ ಎಂಬ ಮಾತಿಗೂ ಬಹಳ ಅಂತರವಿದೆ. ಆ ಅಂತರವನ್ನು ಅಳೆಯಲು ಬೇಕಾದ ಕಾಗದ ಸದನದ ಎದುರು ಇರಲಿಲ್ಲ.

ತಿಮ್ಮಯ್ಯ ಯಾರೆಂದು ಸದಸ್ಯರಿಗೆ ಹೇಳಬೇಕಿರಲಿಲ್ಲ. ಮಡಿಕೇರಿಯ ಕೊಡಂದೇರ ಮನೆತನದವರು. 1948ರ ನವೆಂಬರ್‌ನಲ್ಲಿ, ಹಿಮ ಬೀಳುವ ಹೊತ್ತಿನಲ್ಲಿ, ಲಡಾಖಿನ ದಾರಿಯ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ ಕಾರ್ಯಾಚರಣೆ ಅವರದು. ಕೊರಿಯಾ ಯುದ್ಧದ ನಂತರ ಕೈದಿಗಳನ್ನು ಅವರವರ ದೇಶಕ್ಕೆ ಕಳಿಸುವ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದರು. ದೇಶದಲ್ಲಿ ಅವರಿಗಿದ್ದ ಜನಪ್ರಿಯತೆಯೇ ಕೆಲವರಲ್ಲಿ ಅಳುಕು ಹುಟ್ಟಿಸಿತ್ತು. ಪಕ್ಕದ ಪಾಕಿಸ್ತಾನದಲ್ಲಿ ಅಯೂಬ್ ಖಾನ್ 1958ರ ಅಕ್ಟೋಬರ್‌ನಲ್ಲಷ್ಟೇ ಸರ್ಕಾರವನ್ನು ಕಿತ್ತುಹಾಕಿ ಕುರ್ಚಿ ಹಿಡಿದಿದ್ದರು. ಹಾಗಾಗಿ ನಾಗರಿಕ ಅಧಿಕಾರದ ಮಾತು ಬಂದ ತಕ್ಷಣ ವಿರೋಧ ಪಕ್ಷದವರ ದನಿಯೂ ತಗ್ಗಿತು. ಸಮವಸ್ತ್ರದವರ ಪರ ವಹಿಸಿ ಚುನಾಯಿತ ಸರ್ಕಾರವನ್ನು ಇಕ್ಕಟ್ಟಿಗೆ ಸಿಕ್ಕಿಸಿದರು ಎಂಬ ಹೆಸರು ಯಾರಿಗೂ ಬೇಡವಾಗಿತ್ತು. ಆ ಅಳುಕಿನಲ್ಲಿ ಅರ್ಥವಿತ್ತು ಎಂದೇ ನನಗನ್ನಿಸುತ್ತದೆ.

ತಿಮ್ಮಯ್ಯನವರ ಪಾಲಿನ ತಪ್ಪನ್ನೂ ಹೇಳಬೇಕು. ರಾಜೀನಾಮೆ ಕೊಡುವ ಹಕ್ಕು ಅವರಿಗಿತ್ತು. ಕೊಟ್ಟ ಮೇಲೆ ಅದಕ್ಕೆ ಅಂಟಿಕೊಂಡಿದ್ದರೆ, ಸಮವಸ್ತ್ರ ಕಳಚಿದ ಮನುಷ್ಯನಾಗಿ ಕಾರಣ ಹೇಳುವ ದಾರಿ ತೆರೆಯುತ್ತಿತ್ತು. ಅದೇ ದಿನ ವಾಪಸು ಪಡೆದದ್ದರಿಂದ ಅವರು ಹುದ್ದೆಯಲ್ಲಿ ಉಳಿದರು, ಬಾಯಿ ಕಟ್ಟಿತು. ಸದನದಲ್ಲಿ ಪ್ರಧಾನಿ ಏನೆಂದರೂ ಉತ್ತರ ಕೊಡುವಂತಿರಲಿಲ್ಲ. ಗಡಿಯಲ್ಲಿ ಗುಂಡು ಹಾರುತ್ತಿರುವಾಗ ಬಿಟ್ಟುಹೋಗಬೇಡಿ ಎಂದು ಪ್ರಧಾನಿಯೇ ಕೇಳಿದಾಗ ಒಬ್ಬ ಸೈನಿಕ ಒಪ್ಪುವುದು ಸಹಜ. ಆದರೂ ಆ ಒಪ್ಪಿಗೆಯ ಬೆಲೆಯನ್ನು ಅವರೊಬ್ಬರೇ ತೆತ್ತಿಲ್ಲ.

ಚೀನಾ ಪತ್ರಗಳು ಸಿಕ್ಕವು, ಸೇನೆಯ ಲೆಕ್ಕ ಸಿಗಲಿಲ್ಲ

ಸಂಸತ್ತಿಗೆ ಆಗ ಕೈಲಾಗುತ್ತಿರಲಿಲ್ಲ ಎನ್ನುವುದು ಸರಿಯಲ್ಲ. ಅದೇ ವಾರದ ಇನ್ನೊಂದು ಘಟನೆ ನೋಡಿ. ಆಗಸ್ಟ್ 28ರ ಹೇಳಿಕೆ ಕೇಳಿ ಬೆಚ್ಚಿದ ಸದಸ್ಯರು ಚೀನಾದೊಂದಿಗೆ ನಡೆದ ಪತ್ರವ್ಯವಹಾರವನ್ನು ಸದನದ ಮುಂದಿಡಿ ಎಂದರು. ಸೆಪ್ಟೆಂಬರ್ 7ರಂದು ಮೊದಲ ಶ್ವೇತಪತ್ರ ಬಂತು. 1954ರಿಂದ ಹಿಡಿದು ಎರಡೂ ಸರ್ಕಾರಗಳ ನಡುವೆ ಓಡಾಡಿದ ಟಿಪ್ಪಣಿಗಳು, ಪತ್ರಗಳು ಅದರಲ್ಲಿದ್ದವು. ಆಮೇಲೂ ಒಂದರ ಹಿಂದೆ ಒಂದು ಶ್ವೇತಪತ್ರ ಬಂದವು. ಇಷ್ಟು ಬೇಗ, ಇಷ್ಟು ವಿವರವಾಗಿ ವಿದೇಶಾಂಗ ಪತ್ರಗಳನ್ನು ಬಹಿರಂಗ ಮಾಡುವ ಸರ್ಕಾರಗಳು ಕಡಿಮೆ. ಅದಕ್ಕೂ ಒಂದು ಬೆಲೆ ಇತ್ತು. ಪತ್ರಗಳು ಬಯಲಿಗೆ ಬಿದ್ದ ಮೇಲೆ ಮಾತುಕತೆಯಲ್ಲಿ ಒಂದು ಹೆಜ್ಜೆ ಹಿಂದೆ ಇಡುವುದು ನೆಹರೂ ಅವರಿಗೆ ಕಷ್ಟವಾಯಿತು. 1960ರ ಏಪ್ರಿಲ್‌ನಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲೈ ದೆಹಲಿಗೆ ಬಂದಾಗ ಸದನದ ಕಣ್ಣು ಅವರ ಬೆನ್ನ ಮೇಲಿತ್ತು.

ಹಾಗಾಗಿ 1959ರಿಂದ 1962ರವರೆಗೆ ನಡೆದದ್ದು ವಿಚಿತ್ರವಾದ ಓರೆ. ಗಡಿ ನಮ್ಮದು ಎಂದು ಸಾಧಿಸುವ ಕಾಗದಗಳೆಲ್ಲ ಸದನಕ್ಕೆ ಬಂದವು. ಆ ಗಡಿಯನ್ನು ಕಾಯುವ ಶಕ್ತಿ ಇದೆಯೇ ಎಂದು ತೋರಿಸುವ ಕಾಗದ ಒಂದೂ ಬರಲಿಲ್ಲ. ಸದಸ್ಯರು ಮೊದಲನೆಯದನ್ನು ಓದಿ ಸರ್ಕಾರವನ್ನು ಗಟ್ಟಿಯಾಗಿ ನಿಲ್ಲುವಂತೆ ಒತ್ತಾಯಿಸಿದರು. ಎರಡನೆಯದನ್ನು ಓದಿದ್ದರೆ ಅದೇ ಒತ್ತಾಯ ಮಾಡುತ್ತಿದ್ದರೇ?

ಆ ಎರಡನೆಯ ಬಗೆಯ ಕಾಗದ ಇತ್ತು. ಪೂರ್ವ ಕಮಾಂಡಿನ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಎಸ್.ಪಿ.ಪಿ. ಥೋರಾತ್ 1959ರ ಅಕ್ಟೋಬರ್‌ನಲ್ಲಿ ನೇಫಾ ರಕ್ಷಣೆಯ ಬಗ್ಗೆ ಒಂದು ಟಿಪ್ಪಣಿ ಸಿದ್ಧಪಡಿಸಿದರು. ಗಡಿಯಂಚಿನ ಠಾಣೆಗಳು ಕಣ್ಣಿಡಲು ಮಾತ್ರ. ನಿಜವಾಗಿ ಎದುರಿಸಬೇಕಾದ ನೆಲೆ ಹಿಂದೆ, ನಮ್ಮ ಲಾರಿಗಳು ತಲುಪಬಲ್ಲ ಜಾಗದಲ್ಲಿ ಇರಬೇಕು ಎಂಬುದು ಅದರ ತಿರುಳು. 1960ರ ಮಾರ್ಚ್‌ನಲ್ಲಿ ಲಖನೌದಲ್ಲಿ ‘ಲಾಲ್ ಕಿಲಾ’ ಹೆಸರಿನ ಸಮರಾಭ್ಯಾಸ ಮಾಡಿ ಇದೇ ಲೆಕ್ಕವನ್ನು ಪರೀಕ್ಷಿಸಿದರು. ತಿಮ್ಮಯ್ಯನವರ ಮೂಲಕ ಇದು ಸಚಿವರಿಗೆ ಹೋಯಿತು, ಸಚಿವರು ತಳ್ಳಿಹಾಕಿದರು ಎಂದು ಥೋರಾತ್ ಮುಂದೆ ಬರೆದುಕೊಂಡಿದ್ದಾರೆ. ಸರ್ಕಾರ ಹಿಡಿದ ದಾರಿ ಇದಕ್ಕೆ ಪೂರ್ತಿ ಉಲ್ಟಾ. 1961ರ ನವೆಂಬರ್‌ನಲ್ಲಿ ‘ಫಾರ್ವರ್ಡ್ ಪಾಲಿಸಿ’ ಎಂದು ಹೆಸರಾದ ನಿರ್ಧಾರವಾಯಿತು. ಎಷ್ಟು ಮುಂದೆ ಹೋಗಬಹುದೋ ಅಷ್ಟು ಮುಂದೆ ಹೋಗಿ ಸಣ್ಣ ಸಣ್ಣ ಠಾಣೆ ಹೂಡುವುದು. ಒಂದೊಂದು ಠಾಣೆಗೂ ಕೈಬೆರಳೆಣಿಕೆಯ ಜನ, ವಿಮಾನದಿಂದ ಬೀಳಿಸಿದರಷ್ಟೇ ರೇಷನ್.

ಇಲ್ಲಿ ಸಂಸತ್ತಿನ ಸಲಕರಣೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ರಶ್ನೋತ್ತರ ವೇಳೆ ಇತ್ತು, ನಿಲುವಳಿ ಸೂಚನೆ ಇತ್ತು, ಪ್ರತಿ ವರ್ಷ ರಕ್ಷಣಾ ಇಲಾಖೆಯ ಅನುದಾನ ಬೇಡಿಕೆಗಳ ಮೇಲೆ ಚರ್ಚೆಯಿತ್ತು. ಸಾರ್ವಜನಿಕ ಲೆಕ್ಕಪತ್ರ ಸಮಿತಿ ಖರ್ಚಾದ ಹಣವನ್ನು ನೋಡುತ್ತಿತ್ತು. ಮೆನನ್ ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದಾಗಿನ ಜೀಪ್ ಖರೀದಿಯನ್ನು ಕೆದಕಿದ್ದು ಅದೇ ಸಮಿತಿ. ಅಂದರೆ ದುಡ್ಡು ಹೋದ ಮೇಲೆ ಕೇಳುವವರಿದ್ದರು. ಸೇನೆ ಯುದ್ಧಕ್ಕೆ ತಯಾರಿದೆಯೇ ಎಂದು ಮುಂಚೆಯೇ, ಬಾಗಿಲು ಹಾಕಿಕೊಂಡು, ಅಧಿಕಾರಿಗಳನ್ನು ಎದುರು ಕೂರಿಸಿ ಕೇಳುವ ಸಮಿತಿ ಇರಲಿಲ್ಲ. ರಹಸ್ಯ ಅಧಿವೇಶನ ನಡೆಸಲು ಲೋಕಸಭೆಯ ನಿಯಮಗಳಲ್ಲೇ ಅವಕಾಶವಿದೆ. 1959ರ ಸೆಪ್ಟೆಂಬರ್‌ನಲ್ಲಿ ಸದನ ಆ ದಾರಿ ಹಿಡಿಯಲಿಲ್ಲ. ಆ ಬಾಗಿಲು ತಟ್ಟಿ, ಪತ್ರವನ್ನು ಜಗಜ್ಜಾಹೀರು ಮಾಡುವುದು ಬೇಡ, ನಮ್ಮೆದುರು ಮಾತ್ರ ಇಡಿ, ಮೂವರು ಮುಖ್ಯಸ್ಥರಿಗೂ ಅಸಾಧ್ಯ ಅನ್ನಿಸಿದ್ದು ಯಾವುದೆಂದು ತಿಳಿಸಿ ಎಂದು ಕೇಳಿದ್ದರೆ ಅದರಿಂದ ನಾಗರಿಕ ಅಧಿಕಾರಕ್ಕೆ ಕುಂದಾಗುತ್ತಿರಲಿಲ್ಲ. ಕೇಳುತ್ತಿದ್ದವರು ಜನ ಆರಿಸಿ ಕಳಿಸಿದವರೇ.

ಕೃಪಲಾನಿ ಮಾತಾಡಿದಾಗ

1961ರ ಏಪ್ರಿಲ್ 11ರಂದು ವಿರೋಧ ಪಕ್ಷದ ಸಾಲಿನ ಆಚಾರ್ಯ ಜೆ.ಬಿ. ಕೃಪಲಾನಿ ಲೋಕಸಭೆಯಲ್ಲಿ ಮೆನನ್ ವಿರುದ್ಧ ಮಾಡಿದ ಭಾಷಣವನ್ನು ಆ ಕಾಲದ ಪತ್ರಕರ್ತರು ಬಹುದಿನ ಮೆಲುಕು ಹಾಕಿದರು. ಸೇನೆಯಲ್ಲಿ ಗುಂಪುಗಾರಿಕೆ ಬೆಳೆಸಿದ್ದಾರೆ, ಸೈನಿಕರ ಸ್ಥೈರ್ಯ ಕುಗ್ಗಿಸಿದ್ದಾರೆ, ಹಸಿದ ದೇಶದ ದುಡ್ಡನ್ನು ಪೋಲು ಮಾಡಿದ್ದಾರೆ, ಚೀನಾ ಎದುರಿನ ರಕ್ಷಣೆಯನ್ನು ಕಡೆಗಣಿಸಿದ್ದಾರೆ ಎಂದು ಅವರು ಆಪಾದಿಸಿದರು. ತಿಮ್ಮಯ್ಯನವರ ನಿವೃತ್ತಿಗೆ ಆಗ ಒಂದು ತಿಂಗಳೂ ಉಳಿದಿರಲಿಲ್ಲ. ಅವರು ಶಿಫಾರಸು ಮಾಡಿದ ಥೋರಾತ್ ಹೆಸರು ಬಿಟ್ಟುಹೋಗಿ ಪಿ.ಎನ್. ಥಾಪರ್ ಮುಖ್ಯಸ್ಥರಾದರು. ಯುದ್ಧಭೂಮಿಯಲ್ಲಿ ಪಡೆ ನಡೆಸಿದ ಅನುಭವ ಇಲ್ಲದ ಬಿ.ಎಂ. ಕೌಲ್ ಸೇನಾ ಕೇಂದ್ರದ ಆಯಕಟ್ಟಿನ ಸ್ಥಾನಕ್ಕೆ ಬಂದರು.

ಕೃಪಲಾನಿಯವರ ಮಾತಿನಲ್ಲಿ ಹುರುಳಿತ್ತು. ಆದರೆ ಅದು ಒಬ್ಬ ವ್ಯಕ್ತಿಯ ಮೇಲಿನ ಆಪಾದನೆಯಾಗಿಯೇ ಉಳಿಯಿತು. ಮೆನನ್ ಪರ ಮತ್ತು ಮೆನನ್ ವಿರೋಧ ಎಂದು ಸದನ, ಪತ್ರಿಕೆ, ದೇಶ ಎಲ್ಲವೂ ಇಬ್ಭಾಗವಾದವು. 1962ರ ಚುನಾವಣೆಯಲ್ಲಿ ಇಬ್ಬರೂ ಉತ್ತರ ಮುಂಬೈಯಲ್ಲಿ ಎದುರಾಬದುರಾ ನಿಂತರು. ನೆಹರೂ ಸ್ವತಃ ಪ್ರಚಾರ ಮಾಡಿದರು, ಮೆನನ್ ಒಂದು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಹೀಗೆ ಗೆದ್ದ ಮೇಲೆ, ಸೇನೆಯ ಸ್ಥಿತಿಯ ಬಗ್ಗೆ ಯಾರೇ ಪ್ರಶ್ನೆ ಎತ್ತಿದರೂ ಅದು ಸೋತವರ ಹಳೇ ಜಗಳದಂತೆ ಕೇಳಿಸತೊಡಗಿತು. ಲಡಾಖಿನ ಚೂಷೂಲಿನ ಬಂಕರ್‌ಗೆ ಎಷ್ಟು ಸೌದೆ ತಲುಪಿದೆ, ನೇಫಾದ ತವಾಂಗ್‌ನಿಂದ ಮುಂದಕ್ಕೆ ಹೇಸರಗತ್ತೆ ಹೋಗುವ ದಾರಿಯಾದರೂ ಇದೆಯೇ, 303 ರೈಫಲಿಗೆ ಗುಂಡಿನ ದಾಸ್ತಾನು ಎಷ್ಟು ದಿನಕ್ಕಿದೆ ಎನ್ನುವಂಥ ಪ್ರಶ್ನೆಗಳಿಗೆ ಪಕ್ಷ ಇರುವುದಿಲ್ಲ. ಅವುಗಳನ್ನು ಬಿಡದೆ ಕೇಳುತ್ತ ಹೋಗಬೇಕಿತ್ತು.

ಮೆನನ್ ಬಗ್ಗೆಯೂ ನ್ಯಾಯವಾಗಿ ಮಾತಾಡಬೇಕು. ಆಯುಧಗಳನ್ನು ನಾವೇ ತಯಾರಿಸಬೇಕೆಂಬ ಹಟ ಅವರದು. ಡಿಆರ್‌ಡಿಒ (ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ) ಹುಟ್ಟಿದ್ದು 1958ರಲ್ಲಿ, ಅವರ ಕಾಲದಲ್ಲಿ. ಬೆಂಗಳೂರಿನಲ್ಲಿ ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರೊಡನೆ ನಮ್ಮ ಎಂಜಿನಿಯರುಗಳು ಕಟ್ಟಿದ ಎಚ್‌ಎಫ್-24 ಮಾರುತ್ ವಿಮಾನ 1961ರ ಜೂನ್‌ನಲ್ಲಿ ಮೊದಲ ಬಾರಿಗೆ ಹಾರಿತು. ಹಣಕಾಸು ಇಲಾಖೆ ದುಡ್ಡು ಬಿಗಿಹಿಡಿದದ್ದೂ ಸತ್ಯ. ಇವೆಲ್ಲ ಸಮಿತಿಯೊಂದರ ಎದುರು ಬಂದಿದ್ದರೆ ಮೆನನ್‌ಗೂ ಒಳ್ಳೆಯದೇ ಆಗುತ್ತಿತ್ತು.

ನಿವೃತ್ತರಾದ ತಿಮ್ಮಯ್ಯ 1962ರ ಜುಲೈಯಲ್ಲಿ ದೆಹಲಿಯ ಒಂದು ಮಾಸಪತ್ರಿಕೆಗೆ ಲೇಖನ ಬರೆದರು. ಪಾಕಿಸ್ತಾನದ ಜೊತೆ ಪೂರ್ಣ ಯುದ್ಧವನ್ನು ನಾನು ಕಲ್ಪಿಸಿಕೊಳ್ಳಬಲ್ಲೆ. ಚೀನಾವನ್ನು ಭಾರತ ಒಂಟಿಯಾಗಿ ಬಹಿರಂಗ ಯುದ್ಧದಲ್ಲಿ ಎದುರಿಸುವುದನ್ನು ಸೈನಿಕನಾಗಿಯೂ ಕಲ್ಪಿಸಿಕೊಳ್ಳಲಾರೆ. ಅಲ್ಲಿ ನಮ್ಮ ಭದ್ರತೆಯನ್ನು ರಾಜಕಾರಣಿಗಳು, ರಾಜತಂತ್ರಜ್ಞರೇ ನೋಡಿಕೊಳ್ಳಬೇಕು ಎಂದರು. ನಾಲ್ಕು ವರ್ಷ ಭೂಸೇನೆಯನ್ನು ನಡೆಸಿದವರ ಅಂದಾಜು ಅದು. ಯುದ್ಧಕ್ಕೆ ಮೂರು ತಿಂಗಳಿತ್ತು. ಈ ಮಾತನ್ನು ಅವರು ಹುದ್ದೆಯಲ್ಲಿದ್ದಾಗಲೇ ಜನಪ್ರತಿನಿಧಿಗಳು ಕೇಳಿಸಿಕೊಳ್ಳಬೇಕಿತ್ತು. ಕೇಳಿಸಿಕೊಳ್ಳುವ ಏರ್ಪಾಡೇ ಇಲ್ಲದ್ದರಿಂದ ಅದು ಪತ್ರಿಕೆಯೊಂದರ ಪುಟಕ್ಕೆ ಹೋಗಿ ಸೇರಿತು.

ಯುದ್ಧದ ನಂತರ

ಅಕ್ಟೋಬರ್ 20ರಂದು ಚೀನಾ ದಾಳಿ ಮಾಡಿತು. ನೇಫಾದ ನಾಮ್ಕಾ ಚು ಹೊಳೆಯ ದಂಡೆಯಲ್ಲಿದ್ದ 7ನೇ ಬ್ರಿಗೇಡ್ ಕೆಲವೇ ತಾಸುಗಳಲ್ಲಿ ಚದುರಿತು. ಬ್ರಿಗೇಡಿಯರ್ ಜಾನ್ ದಳವಿ ಸೆರೆಸಿಕ್ಕರು. ಅಲ್ಲಿದ್ದವರಲ್ಲಿ ಎಷ್ಟೋ ಜನರ ಮೈಮೇಲೆ ಇದ್ದದ್ದು ಬೇಸಿಗೆಯ ಹತ್ತಿಬಟ್ಟೆ.

ಆಗ ಮೆನನ್ ಅವರನ್ನು ಕೆಳಗಿಳಿಸಿದ್ದು ಯಾರು ಎಂಬುದನ್ನು ಗಮನಿಸಬೇಕು. ಅಕ್ಟೋಬರ್ 31ರಂದು ರಕ್ಷಣಾ ಖಾತೆ ಅವರ ಕೈತಪ್ಪಿತು, ರಕ್ಷಣಾ ಉತ್ಪಾದನೆಯ ಖಾತೆ ಉಳಿಯಿತು. ಕಾಂಗ್ರೆಸ್ ಸಂಸದೀಯ ಪಕ್ಷದೊಳಗೆ ಸಿಟ್ಟು ಆರಲಿಲ್ಲ. ನವೆಂಬರ್ 7ರಂದು ಅವರು ಸಂಪುಟದಿಂದಲೇ ಹೊರನಡೆದರು. ಸಂಸತ್ತು ಸೇರಿದ್ದು ನವೆಂಬರ್ 8ರಂದು, ಅದೂ ಅಟಲ್ ಬಿಹಾರಿ ವಾಜಪೇಯಿ ಮೊದಲಾದವರು ಅಧಿವೇಶನ ಬೇಗ ಕರೆಯಿರಿ ಎಂದು ಒತ್ತಾಯಿಸಿದ ಮೇಲೆ. ಐದು ವರ್ಷ ರಕ್ಷಣೆ ನೋಡಿಕೊಂಡ ಸಚಿವರು ಸಚಿವರಾಗಿ ಸದನದ ಎದುರು ನಿಂತು ಸೋಲಿಗೆ ಉತ್ತರ ಹೇಳುವ ಪ್ರಸಂಗವೇ ಬರಲಿಲ್ಲ. ಹೊಣೆ ಪಕ್ಷದ ಕೋಣೆಯಲ್ಲಿ ತೀರ್ಮಾನವಾಯಿತು.

ಆ ಅಧಿವೇಶನದ ಬಗ್ಗೆ ಒಂದು ಒಳ್ಳೆಯ ಮಾತಿದೆ. ಚರ್ಚೆ ರಹಸ್ಯವಾಗಿ ನಡೆಯಲಿ ಎಂದು ಪಕ್ಷೇತರ ಸದಸ್ಯ ಎಲ್.ಎಂ. ಸಿಂಘ್ವಿ ಸೂಚಿಸಿದಾಗ ನೆಹರೂ ಒಪ್ಪಲಿಲ್ಲ. ಇದು ಇಡೀ ದೇಶಕ್ಕೆ ಸಂಬಂಧಿಸಿದ್ದು, ಬಹಿರಂಗವಾಗಿಯೇ ನಡೆಯಬೇಕು ಎಂದರು. ಯುದ್ಧ ನಡೆಯುತ್ತಿರುವಾಗಲೇ 165 ಸದಸ್ಯರು ಮಾತಾಡಿದರು. ನವೆಂಬರ್ 14ರಂದು ನಿರ್ಣಯವಾಯಿತು. ಯುದ್ಧದ ನಡುವೆ ಇಷ್ಟು ಮುಕ್ತವಾಗಿ ಟೀಕೆ ಕೇಳಿಸಿಕೊಂಡ ಪ್ರಧಾನಿಗೆ ಆ ಶ್ರೇಯ ಸಲ್ಲಬೇಕು. ಮುಂದೆ 1963ರ ಆಗಸ್ಟ್‌ನಲ್ಲಿ, ಉಪಚುನಾವಣೆಯಲ್ಲಿ ಗೆದ್ದು ಬಂದ ಕೃಪಲಾನಿ, ಲೋಕಸಭೆಯ ಇತಿಹಾಸದ ಮೊದಲ ಅವಿಶ್ವಾಸ ಗೊತ್ತುವಳಿ ಮಂಡಿಸಿದರು. ಪರ 62, ವಿರುದ್ಧ 347.

ಸೋಲಿನ ತನಿಖೆ ನಡೆಸಿದ್ದು ಸಂಸತ್ತಲ್ಲ, ಸೇನೆ. ಹೊಸ ಮುಖ್ಯಸ್ಥ ಜೆ.ಎನ್. ಚೌಧುರಿ ಅವರು ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಪಿ.ಎಸ್. ಭಗತ್ ಅವರಿಗೆ ಕೆಲಸ ಒಪ್ಪಿಸಿದರು. ತನಿಖೆಯ ವ್ಯಾಪ್ತಿಯಲ್ಲಿ ಸೇನೆಯ ಕಾರ್ಯಾಚರಣೆ ಇತ್ತು. ಸಚಿವಾಲಯ ಕೊಟ್ಟ ಆದೇಶಗಳು ಹೇಗೆ ಹುಟ್ಟಿದವು ಎಂಬುದು ಇರಲಿಲ್ಲ. ತಿಮ್ಮಯ್ಯ ಪ್ರಕರಣದ ಹೇಳಿಕೆಯಾಗಿ ಸರಿಯಾಗಿ ನಾಲ್ಕು ವರ್ಷಕ್ಕೆ, 1963ರ ಸೆಪ್ಟೆಂಬರ್ 2ರಂದು, ರಕ್ಷಣಾ ಸಚಿವ ವೈ.ಬಿ. ಚವಾಣ್ ವರದಿಯ ಸಾರವನ್ನು ಲೋಕಸಭೆಗೆ ತಿಳಿಸಿದರು. ತರಬೇತಿ ಬೆಟ್ಟದ ಯುದ್ಧಕ್ಕೆ ತಕ್ಕದ್ದಾಗಿರಲಿಲ್ಲ, ವಾಹನಗಳು ಹಳತಾಗಿದ್ದವು, ಗುಪ್ತಚರ ಮಾಹಿತಿ ತಡವಾಗಿ, ಅಸ್ಪಷ್ಟವಾಗಿ ಬರುತ್ತಿತ್ತು ಎಂದರು. ಎಷ್ಟೇ ದೊಡ್ಡ ಸೇನೆಗೂ ಸರ್ಕಾರದ ನೀತಿ ನಿರ್ದೇಶನ ಬೇಕು, ಆ ನಿರ್ದೇಶನ ಸೇನೆಯ ಗಾತ್ರಕ್ಕೂ ಅದರ ಬಳಿಯಿರುವ ಸಲಕರಣೆಗೂ ಹೊಂದಿಕೊಂಡಿರಬೇಕು ಎಂಬ ಮಾತೂ ಆ ಹೇಳಿಕೆಯಲ್ಲಿದೆ. ಹಣ, ಸಲಕರಣೆ ಕೊಡದೆ ಮುಂದೆ ಹೋಗಿ ಎಂದು ಆದೇಶ ಮಾಡಿದ್ದು ಸರ್ಕಾರ ಎಂಬುದನ್ನು ಇಷ್ಟು ಮೆತ್ತಗೆ ಹೇಳಿ ಮುಗಿಸಿದರು. ಪೂರ್ತಿ ವರದಿ ಸದನಕ್ಕೆ ಬರಲಿಲ್ಲ.

ಇವತ್ತಿಗೂ ಬಂದಿಲ್ಲ. 2010ರಲ್ಲಿ ಆಗಿನ ರಕ್ಷಣಾ ಸಚಿವ ಎ.ಕೆ. ಆಂಟನಿ, ವರದಿಯ ವಿಷಯ ಈಗಲೂ ಕಾರ್ಯಾಚರಣೆಯ ದೃಷ್ಟಿಯಿಂದ ಸೂಕ್ಷ್ಮ ಎಂದು ಲೋಕಸಭೆಗೆ ಉತ್ತರಿಸಿದರು. 2014ರ ಆರಂಭದಲ್ಲಿ ಅದರ ಒಂದು ದೊಡ್ಡ ಭಾಗ ಇಂಟರ್ನೆಟ್ಟಿಗೇ ಬಂತು. ಅದೇ ವರ್ಷ ಜುಲೈಯಲ್ಲಿ ಹೊಸ ಸರ್ಕಾರದ ರಕ್ಷಣಾ ಸಚಿವ ಅರುಣ್ ಜೇಟ್ಲಿ, ಬಿಡುಗಡೆ ಮಾಡುವುದು ರಾಷ್ಟ್ರೀಯ ಹಿತಕ್ಕೆ ತಕ್ಕದ್ದಲ್ಲ ಎಂದು ರಾಜ್ಯಸಭೆಗೆ ಹೇಳಿದರು. ಪಕ್ಷ ಬದಲಾಯಿತು, ಉತ್ತರ ಬದಲಾಗಲಿಲ್ಲ. ಕಾರ್ಗಿಲ್ ಪರಾಮರ್ಶೆ ಸಮಿತಿಯ ವರದಿಯನ್ನು, ಕೆಲವು ಭಾಗ ತೆಗೆದಾದರೂ ಸರಿ, 2000ದ ಫೆಬ್ರವರಿಯಲ್ಲಿ ಸಂಸತ್ತಿನ ಮುಂದಿಟ್ಟ ದೇಶವೇ ಇದು. ಮಾಡಲಾಗದು ಎನ್ನಲು ಕಾರಣವಿಲ್ಲ.

1993ರಿಂದ ರಕ್ಷಣಾ ಸ್ಥಾಯಿ ಸಮಿತಿ ಇದೆ. ಎರಡೂ ಸದನಗಳ 31 ಸದಸ್ಯರು, ಬಾಗಿಲು ಮುಚ್ಚಿದ ಸಭೆ, ಎದುರಿಗೆ ಸಚಿವಾಲಯದವರು, ಸೇನಾಧಿಕಾರಿಗಳು. 2018ರಲ್ಲಿ ಭೂಸೇನೆಯ ಉಪಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಶರತ್ ಚಂದ್ ಇದೇ ಸಮಿತಿಯ ಮುಂದೆ, ನಮ್ಮ ಸಲಕರಣೆಯಲ್ಲಿ ಶೇ 68ರಷ್ಟು ಹಳೆಯ ಕಾಲದ್ದು, ಈ ವರ್ಷದ ಬಜೆಟ್ ನಮ್ಮ ನಿರೀಕ್ಷೆಗೆ ತಣ್ಣೀರೆರಚಿದೆ ಎಂದು ನೇರವಾಗಿ ಹೇಳಿದರು. ರಾಜೀನಾಮೆ ಬೇಕಾಗಲಿಲ್ಲ, ಪತ್ರಿಕೆಗೆ ಸೋರಿಕೆಯೂ ಬೇಕಾಗಲಿಲ್ಲ. ಸಮಿತಿ ಅದನ್ನು ವರದಿಯಲ್ಲಿ ಹಾಗೇ ದಾಖಲಿಸಿತು, ವರದಿ ಸದನಕ್ಕೆ ಬಂತು. 1959ರಲ್ಲಿ ತಿಮ್ಮಯ್ಯನವರಿಗೆ ಸಿಗದೇ ಹೋದ ಕುರ್ಚಿ ಇದೇ. ಆಗ ಸಮಿತಿಯ ಅಧ್ಯಕ್ಷರಾಗಿದ್ದವರು ಆಡಳಿತ ಪಕ್ಷದವರೇ ಆದ ನಿವೃತ್ತ ಮೇಜರ್ ಜನರಲ್ ಬಿ.ಸಿ. ಖಂಡೂರಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಮಿತಿ ಪುನಾರಚನೆಯಾದಾಗ ಆ ಸ್ಥಾನಕ್ಕೆ ಬೇರೆಯವರು ಬಂದರು. ಸಮಿತಿಯ ಅವಧಿ ಒಂದೇ ವರ್ಷ, ಅಧ್ಯಕ್ಷರನ್ನು ನೇಮಿಸುವವರು ಸಭಾಧ್ಯಕ್ಷರು. ಅಧ್ಯಕ್ಷರಿಗೂ ಸದಸ್ಯರಿಗೂ ಲೋಕಸಭೆಯ ಪೂರ್ತಿ ಅವಧಿಯಷ್ಟು ಭದ್ರತೆ ಕೊಡಬೇಕು, ಸಮಿತಿ ಕೇಳಿದ ಸಲಕರಣೆ ಮತ್ತು ದಾಸ್ತಾನಿನ ಲೆಕ್ಕವನ್ನು ಸಚಿವಾಲಯ ಗೊತ್ತಾದ ಗಡುವಿನೊಳಗೆ ಕೊಡಲೇಬೇಕೆಂಬ ನಿಯಮವಾಗಬೇಕು. ಇವೆರಡಕ್ಕೂ ಸಂವಿಧಾನ ತಿದ್ದುಪಡಿ ಬೇಕಿಲ್ಲ, ಲೋಕಸಭೆಯ ಕಾರ್ಯವಿಧಾನ ನಿಯಮಗಳನ್ನು ತಿದ್ದಿದರೆ ಸಾಕು.